ಬೆನ್ನಿ ಪರೆಟ್‌ನ ತಲೆ ಯಾರ ಸೊತ್ತು?



ಬಾಕ್ಸಿಂಗಿನ ವಿಷಯ ಕಾಮಗಾರರ ಪತ್ರಿಕೆಗೆ ಏಕೆ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ. ಮುಷ್ಟಿಕಾಳಗವನ್ನು ಆಟವೆಂದು ಕರೆಯುವವರು ಟಿಕೆಟು ಕೊಂಡು ಕುಳಿತವರು. ಹಗ್ಗದ ಒಳಗೆ ನಿಂತವನಿಗೆ ಅದು ದುಡಿಮೆ. ಹೋಟೆಲಿನಲ್ಲಿ ನಮ್ಮವನು ಕಾಲು ಮಾರುತ್ತಾನೆ, ಗಿರಣಿಯಲ್ಲಿ ನಮ್ಮ ಹಿರಿಯರು ಕೈಯನ್ನೂ ಎದೆಯ ಉಸಿರನ್ನೂ ಮಾರಿದರು, ಬಾಕ್ಸಿಂಗಿನವನು ತಲೆ ಮಾರುತ್ತಾನೆ. ರಾತ್ರಿ ಹೋಟೆಲು ತೊಳೆದು ಬಾಗಿಲೆಳೆದ ಮೇಲೆ ನಮ್ಮ ಹುಡುಗರು ಒಂದು ಮೊಬೈಲಿನ ಸುತ್ತ ಹತ್ತು ಮಂದಿ ಕೂತು ಅಮೇರಿಕದ ಬಾಕ್ಸಿಂಗ್ ನೋಡುತ್ತಾರೆ. "ಹೊಡಿ, ಇನ್ನೊಂದು ಹೊಡಿ" ಎಂದು ಕೂಗುತ್ತಾರೆ. ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಹೊಡೆಯುವವನೂ ಹೊಡೆಸಿಕೊಳ್ಳುವವನೂ ಯಾವುದೋ ಗದ್ದೆಯಿಂದ, ಯಾವುದೋ ಕಾರ್ಖಾನೆಯಿಂದ ಬಂದ ದುಡಿಯುವವರ ಜಾತಿಯವರೇ ಎಂಬುದು ಅವರಿಗೆ ತಿಳಿದಿರಬೇಕು. ಅದಕ್ಕಾಗಿ ಬೆನ್ನಿ ಪರೆಟ್ ಎಂಬವನ ಸಂಗತಿಯನ್ನು ಇಲ್ಲಿ ಬರೆಯುತ್ತೇವೆ. ಸಂಗತಿ 1962ರದು. ಅದರೊಳಗಿನ ಪ್ರಶ್ನೆ ಇಂದಿನದು.

ಕಬ್ಬಿನ ಗದ್ದೆಯಿಂದ

ಬೆರ್ನಾರ್ಡೊ ಪರೆಟ್ ಕ್ಯೂಬಾ ದೇಶದ ಸಾಂತಾ ಕ್ಲಾರಾದಲ್ಲಿ 1937ರ ಮಾರ್ಚಿಯಲ್ಲಿ ಹುಟ್ಟಿದ. ಬಡವರ ಮನೆ. ಎಳೆಯ ವಯಸ್ಸಿಗೇ ಕೈಗೆ ಕಬ್ಬು ಕಡಿಯುವ ಕತ್ತಿ ಬಂತು, ಪುಸ್ತಕ ಬರಲಿಲ್ಲ. ಓದು ಬರಹ ಬಾರದವನೆಂದು ಆ ಕಾಲದ ಪತ್ರಿಕೆಗಳು ಅವನನ್ನು ಕುರಿತು ಬರೆದವು. ಕ್ಯೂಬಾದಲ್ಲಿ ಕಬ್ಬಿನ ಕೆಲಸ ವರ್ಷದಲ್ಲಿ ಕೆಲವೇ ತಿಂಗಳಿನದು. ಕಬ್ಬು ಅರೆದು ಮುಗಿದ ಮೇಲೆ ಉಳಿಯುವ ತಿಂಗಳುಗಳನ್ನು ಅಲ್ಲಿಯ ಜನ 'ಸತ್ತ ಕಾಲ' ಎಂದೇ ಕರೆಯುತ್ತಿದ್ದರು. ಆ ಸತ್ತ ಕಾಲದಲ್ಲಿ ಹೊಟ್ಟೆ ಸಾಯುವುದಿಲ್ಲವಷ್ಟೆ? ಬೇರೆ ಬಂಡವಾಳವಿಲ್ಲದ ಹುಡುಗ ತನ್ನ ಎರಡು ಮುಷ್ಟಿಗಳನ್ನೇ ಬಂಡವಾಳ ಮಾಡಿಕೊಂಡು ಅಮೇರಿಕಕ್ಕೆ ಹೋದ. ನಾವು ಊರು ಬಿಟ್ಟು ಮುಂಬಯಿಯ ಗಾಡಿ ಹತ್ತಿದ್ದಕ್ಕೂ ಅವನು ಅಲ್ಲಿಗೆ ಹೋದದ್ದಕ್ಕೂ ಕಾರಣ ಒಂದೇ.

ಅವನದು ವೆಲ್ಟರ್‌ವೆಯ್ಟ್ ವರ್ಗ. ಅಂದರೆ 147 ಪೌಂಡು, ನಮ್ಮ ಲೆಕ್ಕದಲ್ಲಿ 66 ಕಿಲೋ ಚಿಲ್ಲರೆ ಮೀರದ ಆಳು. ಭೀಮಕಾಯನೇನೂ ಅಲ್ಲ, ಹೋಟೆಲಿಗೆ ಹಿಟ್ಟಿನ ಮೂಟೆ ಹೊತ್ತು ತರುವ ಹುಡುಗನ ಮೈಕಟ್ಟು. ಒಟ್ಟು 50 ಕಾಳಗ ಆಡಿದ. 35 ಗೆದ್ದ, 12 ಸೋತ, 3 ಸಮ. ಗೆದ್ದ 35ರಲ್ಲಿ ಎದುರಾಳಿಯನ್ನು ಏಳದಂತೆ ಮಾಡಿ ಗೆದ್ದದ್ದು ಬರೀ 10. ಈ ಲೆಕ್ಕವನ್ನು ಗಮನವಿಟ್ಟು ಓದಬೇಕು. ಒಂದೇ ಗುದ್ದಿಗೆ ಕೆಡಹುವ ಬಲ ಅವನ ಕೈಯಲ್ಲಿರಲಿಲ್ಲ. ಅವನ ಬಲವಿದ್ದದ್ದು ತಡೆದುಕೊಳ್ಳುವುದರಲ್ಲಿ. ಎಷ್ಟು ಹೊಡೆದರೂ ತಿಂದುಕೊಂಡು ನಿಲ್ಲುತ್ತಾನೆ, ಹೊಡೆದವನ ಕೈ ಸೋಲುವ ಹೊತ್ತಿಗೆ ಮುಂದೆ ಬರುತ್ತಾನೆ ಎಂಬುದೇ ಅವನ ಕೀರ್ತಿ. ಈ ಕೀರ್ತಿಯನ್ನು ಕೊಂಡಾಡಿದವರು ಯಾರು? ಒಂದು ಗುದ್ದನ್ನೂ ತಿನ್ನದವರು.

1960ರ ಮೇ 27ರಂದು ಲಾಸ್ ವೇಗಾಸ್ ನಗರದಲ್ಲಿ ಡಾನ್ ಜೋರ್ಡನ್ ಎಂಬವನನ್ನು ಸೋಲಿಸಿ ಪರೆಟ್ ಜಗತ್ತಿನ ಚಾಂಪಿಯನ್ ಆದ. ಆಗ ಅವನಿಗೆ 23 ವಯಸ್ಸು. ಅವನಿಂದ ಸೋತ ಜೋರ್ಡನ್ನನ ಸಂಗತಿಯನ್ನೂ ಹೇಳಬೇಕು, ಏಕೆಂದರೆ ಆ ಪಟ್ಟದ ಸುತ್ತ ಯಾರು ಸುಳಿಯುತ್ತಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ಜೋರ್ಡನ್ನನ ಗಳಿಕೆಯಲ್ಲಿ ಪಾಲು ಕೊಡಿರೆಂದು ಅವನ ಮ್ಯಾನೇಜರನಿಗೂ ಕಾಳಗ ಏರ್ಪಡಿಸುವವನಿಗೂ ಬೆದರಿಕೆ ಹಾಕಿದ್ದಕ್ಕಾಗಿ ಫ್ರಾಂಕಿ ಕಾರ್ಬೊ ಎಂಬ ರೌಡಿಗೂ ಅವನ ಸಂಗಡಿಗರಿಗೂ 1961ರಲ್ಲಿ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಕಾರ್ಬೊನಿಗೆ 25 ವರ್ಷ. ಇವನು ಗ್ಲೌಸು ತೊಟ್ಟವನಲ್ಲ, ಟಿಕೆಟು ಮಾರಿದವನೂ ಅಲ್ಲ. ಇನ್ನೊಬ್ಬನ ಏಟಿನ ಮೇಲೆ ದಸ್ತೂರಿ ಎತ್ತಲು ನಿಂತವನು. ಗಿರಣಿಯ ಬಾಗಿಲಲ್ಲಿ ಜಾಬರನಿಗೆ ಕೈಬೆಚ್ಚಗೆ ಮಾಡಿ ಒಳಗೆ ಹೋದ ಹಿರಿಯರು ಈ ಜಾತಿಯನ್ನು ಬಲ್ಲರು.

ಒಂದು ವರ್ಷದ ಲೆಕ್ಕ

ಮುಂದಿನ ಒಂದು ವರ್ಷವನ್ನು ತಾರೀಕು ಹಿಡಿದು ನೋಡಿರಿ.

1961ರ ಏಪ್ರಿಲ್ 1: ಮಿಯಾಮಿ ಬೀಚಿನಲ್ಲಿ ಎಮಿಲ್ ಗ್ರಿಫಿತ್ ಎಂಬವನು 13ನೆಯ ಸುತ್ತಿನಲ್ಲಿ ಪರೆಟ್‌ನನ್ನು ಕೆಡಹಿ ಪಟ್ಟ ಕಿತ್ತುಕೊಂಡ.

ಸೆಪ್ಟೆಂಬರ್ 30: ನ್ಯೂಯಾರ್ಕಿನಲ್ಲಿ ಅದೇ ಗ್ರಿಫಿತ್ತನ ಜೊತೆ ಪೂರಾ 15 ಸುತ್ತು. ತೀರ್ಪುಗಾರರಲ್ಲೇ ಒಮ್ಮತವಿಲ್ಲದೆ ಪಟ್ಟ ಪರೆಟ್‌ನಿಗೆ ಮರಳಿತು.

ಡಿಸೆಂಬರ್ 9: ಲಾಸ್ ವೇಗಾಸಿನಲ್ಲಿ ಜೀನ್ ಫುಲ್ಮರ್ ಎಂಬವನ ಎದುರು. ಫುಲ್ಮರ್ ಮಿಡ್ಲ್‌ವೆಯ್ಟ್ ಚಾಂಪಿಯನ್, ಆ ವರ್ಗದ ಮಿತಿ 160 ಪೌಂಡು, ಪರೆಟ್‌ನ ವರ್ಗಕ್ಕಿಂತ 13 ಪೌಂಡು ಮೇಲೆ. ಹೆಚ್ಚಿನ ತೂಕದವನ ಎದುರು ಹೆಚ್ಚಿನ ದುಡ್ಡು ಹುಟ್ಟುತ್ತದೆಂದು ಇವನನ್ನು ಅಲ್ಲಿ ನಿಲ್ಲಿಸಿದರು. ಒಂಬತ್ತು ಸುತ್ತು ತಲೆಗೆ ತಿಂದು ಹತ್ತನೆಯದರಲ್ಲಿ ಬಿದ್ದ.

1962ರ ಮಾರ್ಚಿ 24: ಮತ್ತೆ ನ್ಯೂಯಾರ್ಕು, ಮತ್ತೆ ಗ್ರಿಫಿತ್.

ಫುಲ್ಮರನ ಏಟಿಗೂ ಈ ಕಾಳಗಕ್ಕೂ ನಡುವೆ ಎಷ್ಟು ದಿನ? 105 ದಿನ. ನಮ್ಮವನೊಬ್ಬ ಕಾವಲಿಯ ಎಣ್ಣೆಯಿಂದ ಕೈ ಸುಟ್ಟುಕೊಂಡರೆ ಚರ್ಮ ಮಾಯುವುದು ಕಣ್ಣಿಗೆ ಕಾಣುತ್ತದೆ. ತಲೆಬುರುಡೆಯ ಒಳಗೆ ಆದದ್ದು ಯಾರಿಗೆ ಕಾಣಬೇಕು? ಮಿದುಳು ನೀರಿನಲ್ಲಿ ತೇಲುವ ಮೆತ್ತನೆಯ ಪದಾರ್ಥ. ಬಲವಾದ ಗುದ್ದು ಬಿದ್ದಾಗ ಬುರುಡೆ ಒಂದು ಕಡೆ ಎಳೆದರೆ ಮಿದುಳು ಹಿಂದೆ ಉಳಿದು ಒಳಗೋಡೆಗೆ ಬಡಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಹರಿದರೆ ರಕ್ತ ಅಲ್ಲೇ ನಿಂತು ಮಿದುಳನ್ನು ಒತ್ತುತ್ತದೆ. ತಲೆಯ ಒಳಗನ್ನು ಪಟ ತೆಗೆದು ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರ ರೋಗಿಗಳಿಗೆ ಬಂದದ್ದು 1971ರಲ್ಲಿ. ಅದಕ್ಕೆ ಮುಂಚೆ ವೈದ್ಯರು ಕಣ್ಣಿಗೆ ದೀಪ ಹಿಡಿದು, ಎದೆ ಬಡಿತ ಕೇಳಿ, ನಡೆಯಲು ಹೇಳಿ ನೋಡಬೇಕಿತ್ತು. ಆ ತಪಾಸಣೆಯನ್ನು ದಾಟಿಯೇ ಪರೆಟ್ ಅಂದು ರಿಂಗಿಗೆ ಬಂದ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು.

ಮಾರ್ಚಿ 24 ಶನಿವಾರ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಮಂದಿರ. ಎ.ಬಿ.ಸಿ. ಟೆಲಿವಿಷನ್ ಕಂಪೆನಿ ಅದನ್ನು ದೇಶಕ್ಕೆಲ್ಲ ತೋರಿಸುತ್ತಿತ್ತು. ಆ ವಾರದ ಕಾಳಗಗಳಿಗೆ ಹಣ ಹಾಕುತ್ತಿದ್ದುದು ಜಿಲೆಟ್ ಎಂಬ ಕ್ಷೌರದ ಬ್ಲೇಡಿನ ಕಂಪೆನಿ. 6ನೆಯ ಸುತ್ತಿನಲ್ಲಿ ಪರೆಟ್ ಗ್ರಿಫಿತ್‌ನನ್ನು ನೆಲಕ್ಕೆ ಕೆಡಹಿದ, ಗಂಟೆ ಹೊಡೆದು ಗ್ರಿಫಿತ್ ಉಳಿದ. 12ನೆಯ ಸುತ್ತಿನಲ್ಲಿ ಗ್ರಿಫಿತ್ ಅವನನ್ನು ಮೂಲೆಗೆ ತಳ್ಳಿ ಒಂದೇ ಸಮನೆ ತಲೆಗೆ ಗುದ್ದಿದ. ಆ ಗುದ್ದುಗಳನ್ನು ಕೆಲವರು 18 ಎಂದು ಎಣಿಸಿದರು, ಕೆಲವರು 29 ಎಂದರು. ಪರೆಟ್ ಹಗ್ಗಕ್ಕೆ ಸಿಕ್ಕಿಕೊಂಡಿದ್ದ, ಬೀಳಲಿಲ್ಲ. ಬಿದ್ದವನನ್ನು ಹೊಡೆಯಬಾರದೆಂಬ ನಿಯಮವಿದೆ. ಬೀಳಲಾರದವನಿಗೆ ನಿಯಮವಿರಲಿಲ್ಲ. ರೆಫ್ರಿ ಬಂದು ಗ್ರಿಫಿತ್‌ನನ್ನು ಹಿಡಿದೆಳೆದ ಮೇಲೆ ಪರೆಟ್ ಮೆಲ್ಲನೆ ಜಾರಿ ಕೆಳಗೆ ಕುಸಿದ. ಮತ್ತೆ ಎಚ್ಚರವಾಗಲಿಲ್ಲ. ಅದೇ ರಾತ್ರಿ ಆ ಗುದ್ದುಗಳನ್ನು ಟೆಲಿವಿಷನ್ನಿನಲ್ಲಿ ನಿಧಾನ ಮಾಡಿ ಇನ್ನೊಮ್ಮೆ ತೋರಿಸಿದರು. ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಏಪ್ರಿಲ್ 3ರಂದು ತೀರಿಕೊಂಡ. ವಯಸ್ಸು 25. ಮನೆಯಲ್ಲಿ ಎರಡು ವರ್ಷದ ಮಗ, ಬಸುರಿ ಹೆಂಡತಿ.

ಮೂರು ವಾದಗಳು

ಈ ಸಾವಿನ ಬಗ್ಗೆ ಅಂದು ಹೇಳಿದ, ಇಂದೂ ಹೇಳುವ ಮೂರು ವಾದಗಳಿವೆ. ಒಂದೊಂದನ್ನೂ ಎದುರಿಸೋಣ.

ಮೊದಲನೆಯದು: "ಅವನ ಬಾಯಿಯೇ ಅವನನ್ನು ಕೊಂದಿತು." ತೂಕ ನೋಡುವ ಹೊತ್ತಿನಲ್ಲಿ ಪರೆಟ್ ಗ್ರಿಫಿತ್‌ನನ್ನು ಒಂದು ಕೀಳು ಮಾತಿನಿಂದ ಹಂಗಿಸಿದ್ದ. ಗಂಡಸರನ್ನು ಪ್ರೀತಿಸುವ ಗಂಡಸನ್ನು ಹಳಿಯಲು ಅವರ ಭಾಷೆಯಲ್ಲಿರುವ ಮಾತು ಅದು. ಅದರ ಸಿಟ್ಟಿನಿಂದಲೇ ಗ್ರಿಫಿತ್ ಕೊಂದನೆಂದು ಬರೆದವರು ಬಹಳ. ಅದು ಕೆಟ್ಟ ಮಾತು, ಒಪ್ಪುತ್ತೇವೆ. ಪರೆಟ್ ಆಡಬಾರದಿತ್ತು. ಆದರೆ ಈ ಗ್ರಿಫಿತ್ ಯಾರು? ಅವನೂ ದ್ವೀಪದಿಂದಲೇ ಬಂದವನು, ವರ್ಜಿನ್ ದ್ವೀಪಗಳ ಸೇಂಟ್ ಥಾಮಸಿನವನು. ನ್ಯೂಯಾರ್ಕಿನ ಒಂದು ಹೆಂಗಸರ ಟೋಪಿ ಕಾರ್ಖಾನೆಯಲ್ಲಿ ಸಾಮಾನು ಎತ್ತಿಡುವ ಕೆಲಸ. ಸೆಕೆಯ ದಿನ ಅಂಗಿ ಕಳಚಿ ದುಡಿಯುತ್ತಿದ್ದಾಗ ಮಾಲಕನಿಗೆ ಅವನ ಭುಜ ಕಂಡಿತು. ಮಾಲಕನೇ ಅವನನ್ನು ಬಾಕ್ಸಿಂಗಿನ ಗರಡಿಗೆ ಒಯ್ದ, ಆಮೇಲೆ ಅವನ ಮ್ಯಾನೇಜರರಲ್ಲಿ ಒಬ್ಬನಾದ. ಕಬ್ಬು ಕಡಿಯುವವನೂ ಟೋಪಿ ಪೆಟ್ಟಿಗೆ ಎತ್ತುವವನೂ, ಇಬ್ಬರು ಕೂಲಿಗಳನ್ನು ಎದುರೆದುರು ನಿಲ್ಲಿಸಿದರು. ಒಬ್ಬನಿಗೊಬ್ಬನ ಮೇಲೆ ದ್ವೇಷ ಹೆಚ್ಚಿದಷ್ಟೂ ಟಿಕೆಟು ಹೆಚ್ಚು ಹೋಗುತ್ತದೆ. ಬೈಗುಳದ ಲಾಭವೂ ಗಲ್ಲೆಗೇ ಬಿತ್ತು.

ಗ್ರಿಫಿತ್ತನಿಗಾದರೂ ಸುಖವಾಯಿತೇ? ಆ ರಾತ್ರಿಯ ಮೇಲೆ ಪೂರ್ತಿ ಬಲ ಹಾಕಿ ಹೊಡೆಯಲು ತನಗೆ ಕೈ ಬರಲಿಲ್ಲವೆಂದು ಅವನೇ ಹೇಳಿಕೊಂಡ. ಆದರೂ 1977ರವರೆಗೆ ನೂರಕ್ಕೂ ಮಿಕ್ಕಿ ಕಾಳಗವಾಡಿದ. 1992ರಲ್ಲಿ ನ್ಯೂಯಾರ್ಕಿನಲ್ಲಿ ಅಂಥ ಗಂಡಸರು ಸೇರುವ ಒಂದು ಪಾನಗೃಹದಿಂದ ಹೊರಬಂದಾಗ ಪುಂಡರು ಅವನನ್ನು ಸಾಯುವಂತೆ ಬಡಿದರು. ಮುಪ್ಪಿನಲ್ಲಿ, ಜೀವಮಾನವಿಡೀ ತಿಂದ ಏಟುಗಳ ಫಲವಾಗಿ ನೆನಪು ಅಳಿಸಿಹೋಗಿ, 2013ರಲ್ಲಿ ತೀರಿಕೊಂಡ. ಒಬ್ಬನ ತಲೆ ಹತ್ತು ದಿನದಲ್ಲಿ ಹೋಯಿತು, ಇನ್ನೊಬ್ಬನದು ಐವತ್ತು ವರ್ಷದಲ್ಲಿ ಹೋಯಿತು. ಗೆದ್ದವರು ಇವರಿಬ್ಬರಲ್ಲಿ ಯಾರೂ ಅಲ್ಲ.

ಎರಡನೆಯದು: "ರೆಫ್ರಿ ತಡ ಮಾಡಿದ." ರೆಫ್ರಿಯ ಹೆಸರು ರೂಬಿ ಗೋಲ್ಡ್‌ಸ್ಟೈನ್, ಹಿಂದೆ ತಾನೇ ಬಾಕ್ಸಿಂಗ್ ಆಡಿದವನು. ಊರೆಲ್ಲ ಅವನಿಗೆ ಛೀಮಾರಿ ಹಾಕಿತು. ನ್ಯೂಯಾರ್ಕಿನ ಗವರ್ನರ್ ರಾಕ್‌ಫೆಲ್ಲರ್ ವಿಚಾರಣೆ ಮಾಡಿಸಿದ. ರೆಫ್ರಿಯ ತಪ್ಪಿಲ್ಲವೆಂದು ಕಮಿಷನು ಹೇಳಿತು. ಆದರೂ ಅವನ ಬದುಕು ಆ ಕೆಲಸದಲ್ಲಿ ಮುಗಿದಂತೆಯೇ ಆಯಿತು. ನಾವು ಹೇಳುವುದೇನೆಂದರೆ, ಕೆಲವು ಸೆಕೆಂಡುಗಳ ತಡಕ್ಕೆ ರೆಫ್ರಿಯನ್ನು ಹಿಡಿದವರು 105 ದಿನಗಳ ಅವಸರಕ್ಕೆ ಯಾರನ್ನು ಹಿಡಿದರು? ಬಾಯ್ಲರು ಸಿಡಿದರೆ ಆ ಹೊತ್ತು ಕೀಲಿ ತಿರುಗಿಸುತ್ತಿದ್ದ ಆಳಿನ ಮೇಲೆ ಕೇಸು, ರಿಪೇರಿ ಮಾಡಿಸದ ಮಾಲಕನ ಮೇಲೆ ಇಲ್ಲ. ಈ ನ್ಯಾಯ ನಮಗೆ ಹೊಸದಲ್ಲ.

ಮೂರನೆಯದೇ ಎಲ್ಲಕ್ಕಿಂತ ಬಲವಾದ ವಾದ: "ಯಾರೂ ಕೈಕಾಲು ಕಟ್ಟಿ ಎಳೆದೊಯ್ಯಲಿಲ್ಲ. ಅವನೇ ಒಪ್ಪಿ ಹೋದ, ಕೈತುಂಬ ಹಣ ತಗೊಂಡ." ನಮ್ಮ ವಿರೋಧಿಗಳು ಇದನ್ನು ಹೇಳುವಾಗ ಬಹಳ ಸಮಾಧಾನದಿಂದ ಹೇಳುತ್ತಾರೆ. ಒಪ್ಪಿದ, ಹೌದು. ಓದಲು ಬಾರದವನು ಕಾಗದಕ್ಕೆ ಒಪ್ಪಿದ. ಅವನ ಪರವಾಗಿ ಮಾತಾಡಬೇಕಾದ ಮ್ಯಾನೇಜರನ ಆದಾಯವಾದರೂ ಎಲ್ಲಿಂದ? ಆ ಕಸಬಿನ ವಾಡಿಕೆಯಂತೆ ಬಾಕ್ಸರನ ಗಳಿಕೆಯಲ್ಲಿ ಮೂರರಲ್ಲೊಂದು ಪಾಲು ಮ್ಯಾನೇಜರನಿಗೆ. ಕಾಳಗ ನಡೆದರೆ ಪಾಲುಂಟು, ನಡೆಯದಿದ್ದರೆ ಇಲ್ಲ. ಅಂದಮೇಲೆ "ಈ ಹುಡುಗನಿಗೆ ಆರು ತಿಂಗಳು ವಿಶ್ರಾಂತಿ ಬೇಕು" ಎಂದು ಹೇಳುವವನು ಯಾರು? ಏರ್ಪಡಿಸುವವನಿಗೆ ಮಂದಿರ ತುಂಬಬೇಕು, ಟೆಲಿವಿಷನ್ನಿಗೆ ವಾರಕ್ಕೊಂದು ಕಾಳಗ ಬೇಕು, ಬ್ಲೇಡಿನವನಿಗೆ ಬ್ಲೇಡು ಮಾರಬೇಕು. ಪರೆಟ್ ತಾನಾಗಿ ಒಲ್ಲೆನೆಂದರೆ? ಪಟ್ಟ ಹೋಗುತ್ತದೆ, ಪಟ್ಟ ಹೋದರೆ ಗಳಿಕೆ ಇಲ್ಲ, ಸಾಲಿನಲ್ಲಿ ಇನ್ನೊಬ್ಬ ಕೂಲಿಯ ಮಗ ಗ್ಲೌಸು ತೊಟ್ಟು ನಿಂತಿದ್ದಾನೆ. ಒಲ್ಲೆ ಎನ್ನಲು ದಾರಿಯಿಲ್ಲದವನ 'ಹೂಂ' ಎಂಬ ಮಾತಿಗೆ ಒಪ್ಪಿಗೆ ಎಂಬ ಹೆಸರು ಸಲ್ಲದು.

ಸಾವಿನ ಮೇಲೆ ಬಂದ ನಿಯಮಗಳು

ಪರೆಟ್ ಸತ್ತ ಮೇಲೆ ಏನಾಯಿತು? ಮರುವರ್ಷ 1963ರ ಮಾರ್ಚಿಯಲ್ಲಿ ಡೇವಿ ಮೂರ್ ಎಂಬ ಇನ್ನೊಬ್ಬ ಚಾಂಪಿಯನ್ ಲಾಸ್ ಏಂಜಲಿಸಿನಲ್ಲಿ ಕಾಳಗವಾಡಿ ಸತ್ತ. 1964ರಲ್ಲಿ ಎ.ಬಿ.ಸಿ. ತನ್ನ ವಾರದ ಬಾಕ್ಸಿಂಗನ್ನು ನಿಲ್ಲಿಸಿತು. ಅದರಲ್ಲಿ ಕರುಣೆ ಎಷ್ಟು, ನೋಡುವವರು ಕಡಿಮೆಯಾದ ಲೆಕ್ಕ ಎಷ್ಟು ಎಂಬುದನ್ನು ಓದುಗರೇ ತೂಗಿಕೊಳ್ಳಲಿ. 1982ರ ನವೆಂಬರಿನಲ್ಲಿ ದಕ್ಷಿಣ ಕೊರಿಯದ ಕಿಮ್ ಡುಕ್ ಕೂ ಎಂಬವನು ಲಾಸ್ ವೇಗಾಸಿನಲ್ಲಿ 14ನೆಯ ಸುತ್ತಿನವರೆಗೆ ಏಟು ತಿಂದು ಸತ್ತ. ಆಮೇಲೆ 15 ಸುತ್ತು 12ಕ್ಕೆ ಇಳಿಯಿತು. ಬಾಕ್ಸರರ ಸುರಕ್ಷೆಗೆ ಅಮೇರಿಕದಲ್ಲಿ ಕೇಂದ್ರ ಕಾನೂನು ಬಂದದ್ದು 1996ರಲ್ಲಿ. ಮ್ಯಾನೇಜರಿಕೆಯೂ ಏರ್ಪಾಟಿನ ದಂಧೆಯೂ ಒಂದೇ ಕೈಯಲ್ಲಿರಬಾರದೆಂಬ ಕಾನೂನು ಮುಹಮ್ಮದ್ ಅಲಿಯ ಹೆಸರಿನಲ್ಲಿ ಬಂದದ್ದು 2000ದಲ್ಲಿ. ಅಂದರೆ ಪರೆಟ್ ಸತ್ತು 38 ವರ್ಷವಾದ ಮೇಲೆ. ಹೆಣ ಬಿದ್ದ ಮೇಲೆ ಒಂದು ನಿಯಮ, ಇನ್ನೊಂದು ಹೆಣ ಬಿದ್ದ ಮೇಲೆ ಇನ್ನೊಂದು ನಿಯಮ.

ಹಾಗಾದರೆ ಈ ಕಸಬನ್ನೇ ನಿಷೇಧಿಸೋಣವೇ? ಪರೆಟ್‌ನ ಸ್ವದೇಶ ಕ್ಯೂಬಾ 1962ರಲ್ಲಿ ಹಾಗೆಯೇ ಮಾಡಿತು, ಹಣಕ್ಕಾಗಿ ಆಡುವ ಬಾಕ್ಸಿಂಗನ್ನು ನಿಲ್ಲಿಸಿತು. 2022ರಲ್ಲಿ ಮತ್ತೆ ಬಾಗಿಲು ತೆರೆಯಿತು. ಈ ವಿಷಯದಲ್ಲಿ ತಿಳಿದವರು ಎರಡೂ ಪಕ್ಷ ವಾದಿಸುತ್ತಾರೆ. ನಾವು ನೋಡುವುದು ಬೇರೆ ಉದಾಹರಣೆಯನ್ನು. ಅದೇ ಅಮೇರಿಕದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟದವರಿದ್ದಾರೆ. ಅವರೂ ಮಾಲಕರ ಕೈಗೊಂಬೆಗಳಾಗಿದ್ದವರು. 1966ರಲ್ಲಿ ಅವರು ತಮ್ಮ ಸಂಘಕ್ಕೆ ಮಾರ್ವಿನ್ ಮಿಲ್ಲರ್ ಎಂಬವರನ್ನು ತಂದು ಕೂರಿಸಿದರು. ಮಿಲ್ಲರ್ ಆಟಗಾರರೇನಲ್ಲ. ಉಕ್ಕಿನ ಕಾಮಗಾರರ ಯೂನಿಯನ್ನಿನಲ್ಲಿ ಲೆಕ್ಕಪತ್ರ ಹಿಡಿದು ಮಾಲಕರ ಜೊತೆ ವಾದಿಸಿ ಪಳಗಿದವರು. ಎರಡೇ ವರ್ಷದಲ್ಲಿ, 1968ರಲ್ಲಿ, ಸಾಮೂಹಿಕ ಒಪ್ಪಂದವಾಯಿತು. ವರ್ಷದ ಕನಿಷ್ಠ ಸಂಬಳ 6,000 ಡಾಲರಿನಿಂದ 10,000 ಡಾಲರಿಗೆ ಏರಿತು. ಚೆಂಡಾಟದವರು ಬಾಕ್ಸಿಂಗಿನವರಿಗಿಂತ ಧೈರ್ಯಶಾಲಿಗಳೇ? ಖಂಡಿತ ಅಲ್ಲ. ಒಟ್ಟಾದರು, ಅಷ್ಟೇ. ಜಗತ್ತಿನಲ್ಲಿ ಎಲ್ಲರಿಗಿಂತ ಧೈರ್ಯಶಾಲಿ ಎನಿಸಿಕೊಂಡ ಬಾಕ್ಸರನಿಗೆ ಇಂದಿಗೂ ಅಂಥ ಸಾಮೂಹಿಕ ಒಪ್ಪಂದವಿಲ್ಲ. ಒಬ್ಬನೇ ನಿಂತು ಹೋರಾಡುವುದನ್ನೇ ಅವನಿಗೆ ಕಲಿಸಿದ್ದಾರೆ. ಒಬ್ಬನೇ ಸಹಿ ಹಾಕುತ್ತಾನೆ, ಒಬ್ಬನೇ ತಿನ್ನುತ್ತಾನೆ, ಒಬ್ಬನೇ ಸಾಯುತ್ತಾನೆ.

ನಮ್ಮ ಕೋಣೆಗಳಲ್ಲಿ

ನಮ್ಮ ಪಾಡು ಪರೆಟ್‌ನಷ್ಟು ಘೋರವಾದುದಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ನಿಧಾನವಾಗಿ ಬೀಳುವ ಏಟು ಏಟಲ್ಲವೇ? ಏಳನೇ ಇಯತ್ತೆ ಮುಗಿಸಿ ಬಂದು ಹೋಟೆಲು ಸೇರಿದ ನಾವು ಮೈಸುಡುವ ಜ್ವರದಲ್ಲೂ ಟೇಬಲು ಒರೆಸಿದ್ದೇವೆ, ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ನಿಂತಿದ್ದೇವೆ. "ಗಟ್ಟಿ ಹುಡುಗ, ಎಷ್ಟು ಹೇಳಿದರೂ ಮಾಡ್ತಾನೆ" ಎಂದು ಧಣಿಗಳು ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಕೈ ಪಗಾರದ ಕಡೆ ಬರಲಿಲ್ಲ. ಕಾಲಿನ ನರ ಉಬ್ಬಿ ನಿಲ್ಲಲಾರದಾದ ಭಟ್ಟರು, ಎದೆಯಲ್ಲಿ ಹತ್ತಿಯ ಧೂಳು ತುಂಬಿಸಿಕೊಂಡು ಊರಿಗೆ ಮರಳಿದ ಗಿರಣಿಯ ಅಣ್ಣಂದಿರು, ಇವರೆಲ್ಲ 'ಗಟ್ಟಿ ಆಳು' ಎಂಬ ಬಿರುದು ಪಡೆದವರೇ. ತಡೆದುಕೊಳ್ಳುವವನನ್ನು ಹೊಗಳುವುದು ಮಾಲಕನಿಗೆ ಎಲ್ಲಕ್ಕಿಂತ ಅಗ್ಗದ ಬೋನಸ್ಸು.

ಆದುದರಿಂದ ಬಂಧುಗಳಲ್ಲಿ ನಾಲ್ಕು ಮಾತು.

ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿರಿ. ಓದಲು ಬಾರದಿದ್ದರೆ ಸಂಘಕ್ಕೆ ತನ್ನಿರಿ, ಓದಿ ಹೇಳುವವರಿದ್ದಾರೆ.

ಯಾರ ಆದಾಯ ನಿಮ್ಮ ಏಟಿನ ಮೇಲೆ ನಿಂತಿದೆಯೋ ಅವನನ್ನು ನಿಮ್ಮ ವಕೀಲನೆಂದು ನಂಬಬೇಡಿರಿ. ಕೆಲಸ ಕೊಡಿಸಿದ ದಲ್ಲಾಳಿ ಊರಿನವನಾದರೂ ಸರಿ, ನೆಂಟನಾದರೂ ಸರಿ.

ಜೊತೆಯವನ ನಡೆಯನ್ನೋ ಜಾತಿಯನ್ನೋ ಮಾತಿನ ರೀತಿಯನ್ನೋ ಹಿಡಿದು ಹಂಗಿಸಬೇಡಿರಿ. ಆ ಹಂಗಿಕೆಯ ಮೇಲೆ ಟಿಕೆಟು ಮಾರುವವನು ಬೇರೆಲ್ಲೋ ಕೂತಿದ್ದಾನೆ.

ಕೊನೆಯದಾಗಿ, "ಇವತ್ತು ನನ್ನ ಕೈಲಾಗದು" ಎಂದವನನ್ನು ಹೇಡಿ ಎನ್ನಬೇಡಿರಿ. ಆ ಮಾತನ್ನು ಹೇಳಿಯೂ ನಾಳೆ ಕೆಲಸ ಉಳಿಯುವಂತೆ ಮಾಡುವುದೇ ಸಂಘದ ಕೆಲಸ. ಒಬ್ಬನು ಹೇಳಿದರೆ ಅದು ಸೋಲು, ನೂರು ಮಂದಿ ಅವನ ಬೆನ್ನಿಗೆ ನಿಂತು ಹೇಳಿದರೆ ಅದು ಹಕ್ಕು.

ಡಿಸೆಂಬರ್ 9ರಂದು ಫುಲ್ಮರನ ಏಟು ತಿಂದ ಹುಡುಗನನ್ನು "ಈಗ ಬೇಡ" ಎಂದು ತಡೆಯುವ ಒಂದು ಸಂಘ ಆ ದೊಡ್ಡ ದೇಶದಲ್ಲಿ ಇರಲಿಲ್ಲ. ಅವನ ತಲೆಯಲ್ಲಿ ಎಲ್ಲರಿಗೂ ಪಾಲಿತ್ತು. ಅವನಿಗೆ ಮಾತ್ರ ಇರಲಿಲ್ಲ. ನಮ್ಮ ಕಾಲು, ನಮ್ಮ ಕೈ, ನಮ್ಮ ಎದೆ ಯಾರ ಸೊತ್ತು ಎಂಬ ಪ್ರಶ್ನೆಗೆ ಉತ್ತರವನ್ನು ನಾವು ಕೂಡಿ ಹೇಳದೆ ಹೋದರೆ, ನಮ್ಮ ಪರವಾಗಿ ಹೇಳುವವರು ಗಲ್ಲೆಯ ಹಿಂದೆ ಕೂತೇ ಇದ್ದಾರೆ.